ಸಂಘದ ಯಂತ್ರಕ್ಕೆ ಸಿಗ್ನಲ್ ಸಿಗದಿದ್ದಾಗ: ಮೊಬೈಲ್ ಜಾಲದ ಕೆಲವು ವಿವರಗಳು, ಸೆಟ್ಟಿಂಗ್‌ಗಳು



ಸಂಘವೊಂದರ ಸರ್ವ ಸದಸ್ಯರ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸ್ವಾಮಿ, ನನ್ನ ಸಣ್ಣ ಫೋನಲ್ಲಿ ನಾಕು ಗೆರೆ ತೋರಿಸ್ತದೆ. ಸಂಘದ ಮಿಶಿನ್ ಮಾತ್ರ ನೆಟ್‌ವರ್ಕ್ ಇಲ್ಲ ಅಂತದೆ. ಟವರ್ ಒಂದೇ, ಸಿಮ್ಮೂ ಒಂದೇ ಕಂಪನಿದು. ಇದು ಹೆಂಗೆ?" ಎಂದು ಕೇಳಿದರು. ಸಭೆಯಲ್ಲಿ ಕೆಲವರು ನಕ್ಕರು. ಆದರೆ ಅದು ನಗುವಂತಹ ಪ್ರಶ್ನೆಯಲ್ಲ. ಹಾಲಿನ ಪ್ರಮಾಣ, ಜಿಡ್ಡಿನಂಶ ಮತ್ತು ಎಸ್.ಎನ್.ಎಫ್. ವಿವರ ಯಂತ್ರದಿಂದ ಹೋಗದಿದ್ದರೆ ಬಟವಾಡೆ ಪಟ್ಟಿ ತಡವಾಗುತ್ತದೆ. ಪ್ರೋತ್ಸಾಹಧನವೂ ಇದೇ ಲೆಕ್ಕದ ಮೇಲೆಯೇ ಸದಸ್ಯರ ಬ್ಯಾಂಕ್ ಖಾತೆಗೆ ಜಮೆಯಾಗತಕ್ಕದ್ದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಹಳ್ಳಿಗಳಲ್ಲೂ ಬಳಕೆಯಲ್ಲಿರುವ ಬಿ.ಎಸ್.ಎನ್.ಎಲ್. ಜಾಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ಸಂಸ್ಥೆ 2000ನೇ ಇಸವಿ ಅಕ್ಟೋಬರ್ 1ರಂದು ಸ್ಥಾಪನೆಯಾಗಿ, 2002ರಲ್ಲಿ ಮೊಬೈಲ್ ಸೇವೆ ಆರಂಭಿಸಿತು. ಆಗ ಬಂದದ್ದು 2ಜಿ. ಅದು ಮುಖ್ಯವಾಗಿ 900 ಮೆಗಾಹರ್ಟ್ಸ್ ಅಲೆಗಳ ಮೇಲೆ ನಡೆಯುತ್ತದೆ. ನಂತರ 2100 ಮೆಗಾಹರ್ಟ್ಸ್ ಮೇಲೆ 3ಜಿ ಬಂದಿತು. ದೇಶದಲ್ಲೇ ತಯಾರಾದ ಉಪಕರಣಗಳ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು 97,500ಕ್ಕೂ ಹೆಚ್ಚು ಟವರುಗಳೊಂದಿಗೆ ದೇಶಕ್ಕೆ ಸಮರ್ಪಿಸಲಾಯಿತು. ಇದರ ಟವರ್ ಉಪಕರಣಗಳನ್ನು ಒದಗಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಎಂಬುದು ನಮಗೆ ಸಂತೋಷದ ಸಂಗತಿ. ಈ 4ಜಿ ಮುಖ್ಯವಾಗಿ 700 ಮತ್ತು 2100 ಮೆಗಾಹರ್ಟ್ಸ್ ಅಲೆಗಳನ್ನು ಬಳಸುತ್ತದೆ.

ಈ ಅಂಕಿಗಳಿಂದ ರೈತರಿಗೇನು ಎಂದು ಕೇಳಬಹುದು. ಎಲ್ಲವೂ ಇರುವುದು ಇಲ್ಲಿಯೇ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಮೊಳ. 2100ರ ಅಲೆ 14 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಉದ್ದನೆಯ ಅಲೆ ದೂರ ಹೋಗುತ್ತದೆ, ತೋಟದ ಮರಗಳನ್ನೂ ಮನೆಯ ಗೋಡೆಯನ್ನೂ ಅಷ್ಟಿಷ್ಟು ದಾಟಿ ಒಳಗೆ ಬರುತ್ತದೆ. ಗಿಡ್ಡ ಅಲೆ ಬೇಗ ಸೋಲುತ್ತದೆ. ಟವರಿನ ಬುಡದಲ್ಲಿರುವ ಊರಿಗೆ ಎರಡೂ ಒಂದೇ. ಗುಡ್ಡದ ಆಚೆ ಬದಿಯ ಸಂಘಕ್ಕೆ ತಲುಪುವುದು ಬಹುಮಟ್ಟಿಗೆ 700 ಮತ್ತು 900 ಮಾತ್ರ.

ಈಗ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಬರೋಣ. ಆ ಹಿರಿಯರ ಫೋನು 2ಜಿ ಫೋನು. ಟವರಿನಿಂದ ಬರುವ 900ರ ಅಲೆಯನ್ನು ಹಿಡಿದು ನಾಲ್ಕು ಗೆರೆ ತೋರಿಸುತ್ತಿತ್ತು. ಸಂಘದ ಯಂತ್ರಕ್ಕೆ ಜೋಡಿಸಿದ್ದ ಮೋಡೆಮ್ ಅನ್ನು ಯಾರೋ "4ಜಿ ಮಾತ್ರ" ಎಂದು ಸೆಟ್ ಮಾಡಿದ್ದರು. ಅದರ ಜೊತೆಗೆ ಆ ಮೋಡೆಮ್‌ಗೆ 700ರ ಅಲೆಯೇ ತಿಳಿಯದು. ಅದಕ್ಕೆ ಗೊತ್ತಿದ್ದ 2100 ಅಷ್ಟು ದೂರಕ್ಕೆ ತಲುಪುತ್ತಿರಲಿಲ್ಲ. ಟವರ್ ಕೂಗುತ್ತಿದೆ, ಮೋಡೆಮ್‌ಗೆ ಆ ಭಾಷೆ ಬಾರದು. ಇದರಲ್ಲಿ ಟವರಿನದಾಗಲಿ ಸಿಮ್ಮಿನದಾಗಲಿ ತಪ್ಪೇನೂ ಇರಲಿಲ್ಲ.

ಆದ್ದರಿಂದ ಸಂಘದ ಆಡಳಿತ ಮಂಡಳಿಯವರು ಹೊಸ ಮೋಡೆಮ್ ಅಥವಾ ರೂಟರ್ ಖರೀದಿಸುವಾಗ "4ಜಿ ಇದೆಯೇ" ಎಂದಷ್ಟೇ ಕೇಳಿ ಬರಬಾರದು. ಪೆಟ್ಟಿಗೆಯ ಮೇಲೆ ಬ್ಯಾಂಡ್‌ಗಳ ಸಂಖ್ಯೆ ಬರೆದಿರುತ್ತದೆ. 700 ಮೆಗಾಹರ್ಟ್ಸ್‌ಗೆ ಬ್ಯಾಂಡ್ 28 ಎಂದೂ 2100ಕ್ಕೆ ಬ್ಯಾಂಡ್ 1 ಎಂದೂ ಹೆಸರು. ಬಿ.ಎಸ್.ಎನ್.ಎಲ್. ಸಿಮ್ ಹಾಕುವುದಿದ್ದರೆ ಬ್ಯಾಂಡ್ 28 ಇರಲೇಬೇಕು. ಜಿಯೋ ಸಂಸ್ಥೆಯ 4ಜಿ 850, 1800 ಮತ್ತು 2300 ಮೆಗಾಹರ್ಟ್ಸ್ ಮೇಲೆ ನಡೆಯುವುದರಿಂದ ಅದಕ್ಕೆ ಬ್ಯಾಂಡ್ 5, 3 ಮತ್ತು 40 ಬೇಕು. ಜಿಯೋದಲ್ಲಿ 2ಜಿ, 3ಜಿ ಎರಡೂ ಇಲ್ಲವೆಂಬುದನ್ನು ನೆನಪಿಡಿ. ಹಳೆಯ 2ಜಿ ಕೀಲಿಮಣೆ ಫೋನಿಗೆ ಆ ಸಿಮ್ ಹಾಕಿ, ರಿಪೇರಿ ಅಂಗಡಿಗೆ ಅಲೆದವರನ್ನು ನಾವು ಕಂಡಿದ್ದೇವೆ. ಇನ್ನು 3ಜಿ ಮೋಡೆಮ್ ಅಗ್ಗಕ್ಕೆ ಸಿಗುತ್ತದೆಂದು ಯಾರೂ ತರಬೇಡಿ. 3ಜಿಯ ಕಾಲ ಮುಗಿಯುತ್ತಾ ಬಂದಿದೆ.

ಇಲ್ಲಿ ಮತ್ತೊಂದು ಮಾತು. 4ಜಿ ಇಲ್ಲದಿದ್ದರೆ ಹಾಲಿನ ಲೆಕ್ಕ ಹೋಗುವುದೇ ಇಲ್ಲವೆಂಬ ಭಾವನೆ ಅನೇಕರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಒಬ್ಬ ಸದಸ್ಯರ ಒಂದು ಹೊತ್ತಿನ ವಿವರವೆಂದರೆ ಸದಸ್ಯರ ಸಂಖ್ಯೆ, ದಿನಾಂಕ, ಲೀಟರು, ಜಿಡ್ಡು, ಎಸ್.ಎನ್.ಎಫ್., ದರ ಮತ್ತು ಮೊತ್ತ. ಎಲ್ಲ ಸೇರಿ 60 ಅಕ್ಷರ ಎಂದುಕೊಳ್ಳಿ. 200 ಸದಸ್ಯರಿಗೆ 12,000 ಅಕ್ಷರ. 2ಜಿಯ ಇಂಟರ್‌ನೆಟ್ ಸೆಕೆಂಡಿಗೆ 20 ಕಿಲೋಬಿಟ್‌ನಂತೆ ತೆವಳಿದರೂ ಇದು ಸುಮಾರು 5 ಸೆಕೆಂಡಿನ ಕೆಲಸ! ಸಿನಿಮಾ ನೋಡುವುದಕ್ಕೆ 4ಜಿ ಬೇಕು, ಹಾಲಿನ ಲೆಕ್ಕಕ್ಕೆ ಬೇಕಾದುದು ಕಡಿಯದ ಸಂಪರ್ಕ. 4ಜಿ ಬಂದು ಹೋಗಿ ಮಾಡುವ ಊರಿನಲ್ಲಿ ಮೋಡೆಮ್ ಅನ್ನು 2ಜಿಗೇ ನಿಲ್ಲಿಸುವುದು ಎಷ್ಟೋ ಮೇಲು. ಮೋಡೆಮ್ 2ಜಿಯನ್ನೂ ಹಿಡಿಯುವಂತಹದ್ದಾಗಿದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ "ನೆಟ್‌ವರ್ಕ್ ಮೋಡ್" ಎಂಬಲ್ಲಿ "ಆಟೋ" ಅಥವಾ "2ಜಿ ಮಾತ್ರ" ಎಂದು ಆರಿಸಬಹುದು. ಫೋನಿನಲ್ಲಾದರೆ ಸಿಮ್ ವಿಭಾಗದಲ್ಲಿ "ಪ್ರಿಫರ್ಡ್ ನೆಟ್‌ವರ್ಕ್ ಟೈಪ್" ಎಂದಿರುತ್ತದೆ.

ಸಿಗ್ನಲ್ ಗೆರೆಗಳನ್ನು ಪೂರ್ತಿ ನಂಬಬೇಡಿ. ಎಷ್ಟಕ್ಕೆ ಎಷ್ಟು ಗೆರೆ ಎಂಬುದು ಫೋನ್ ತಯಾರಕರ ಇಷ್ಟ. ಕಣ್ಣಳತೆಯಲ್ಲಿ ಹಾಲಿನ ಗುಣಮಟ್ಟ ಹೇಳಿದಂತೆ ಅದು. ನಿಜವಾದ ಅಳತೆ "ಡಿ.ಬಿ.ಎಂ." ಎಂಬ ಅಂಕಿ. ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್", ಅದರಲ್ಲಿ "ಸಿಮ್ ಸ್ಟೇಟಸ್" ತೆರೆದರೆ ಬಹುತೇಕ ಫೋನುಗಳಲ್ಲಿ ಕಾಣುತ್ತದೆ. ಅಂಕಿಯ ಹಿಂದೆ ಋಣ ಚಿಹ್ನೆ ಇರುತ್ತದೆ, ಹಾಗಾಗಿ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕಡಿಮೆ. 4ಜಿಯಲ್ಲಿ ಮೈನಸ್ 90 ಉತ್ತಮ, ಮೈನಸ್ 110 ದುರ್ಬಲ, 120ರ ಹತ್ತಿರ ಬಂದರೆ ಇದ್ದೂ ಇಲ್ಲದಂತೆ. 3 ಅಂಕಿ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತರಲ್ಲಿ ಒಂದು ಪಾಲು. ಈ ಅಂಕಿ ನೋಡುತ್ತಾ ಸಂಘದ ಕಟ್ಟಡದೊಳಗೆ ನಾಲ್ಕು ಹೆಜ್ಜೆ ಓಡಾಡಿದರೆ ಮೋಡೆಮ್ ಎಲ್ಲಿಡಬೇಕೆಂಬುದು ತಾನೇ ತಿಳಿಯುತ್ತದೆ. ಕಬ್ಬಿಣದ ಬೀರುವಿನೊಳಗೆ, ತಗಡಿನ ಸೂರಿಗೆ ತಾಗಿಸಿ, ಬಿ.ಎಂ.ಸಿ. ಟ್ಯಾಂಕಿನ ಹಿಂದೆ ಇಟ್ಟ ಮೋಡೆಮ್‌ಗಳನ್ನು ಕಂಡಿದ್ದೇವೆ. ಲೋಹ ಅಲೆಗಳನ್ನು ತಡೆಯುತ್ತದೆ. ಕಿಟಕಿಯ ಪಕ್ಕಕ್ಕೆ ಇಡಿ, ಇಲ್ಲವೇ ತಂತಿಯುಳ್ಳ ಹೊರ ಆಂಟೆನಾವನ್ನು ಸೂರಿನ ಮೇಲೆ ಟವರಿನ ದಿಕ್ಕಿಗೆ ಹಾಕಿಸಿ. ಆದರೆ ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರನ್ನು ತಂದು ಹಾಕಬೇಡಿ. ಪರವಾನಗಿ ಇಲ್ಲದ ಬೂಸ್ಟರ್ ಕಾನೂನಿಗೆ ವಿರುದ್ಧ, ಮತ್ತು ಅದು ಟವರಿಗೇ ಗದ್ದಲ ಮಾಡಿ ಊರಿನ ಉಳಿದವರ ಸಂಪರ್ಕವನ್ನು ಕೆಡಿಸುತ್ತದೆ.

ಸಿಗ್ನಲ್ ಚೆನ್ನಾಗಿದ್ದೂ ವಿವರ ಹೋಗುತ್ತಿಲ್ಲವೇ? ಆಗ ಎ.ಪಿ.ಎನ್. ನೋಡಬೇಕು. ಡೇರಿಗೆ ಹೋದ ಹಾಲಿನ ಲಾರಿ ಯಾವ ಗೇಟಿನಲ್ಲಿ ಒಳಹೋಗಬೇಕೆಂದು ಚಾಲಕನಿಗೆ ಹೇಳಿದಂತೆ, ಇಂಟರ್‌ನೆಟ್‌ಗೆ ಯಾವ ಬಾಗಿಲಿನಿಂದ ಹೋಗಬೇಕೆಂದು ಯಂತ್ರಕ್ಕೆ ತಿಳಿಸುವ ಹೆಸರು ಇದು. "ಆಕ್ಸೆಸ್ ಪಾಯಿಂಟ್ ನೇಮ್ಸ್" ಎಂಬಲ್ಲಿ ಇರುತ್ತದೆ. ಬಿ.ಎಸ್.ಎನ್.ಎಲ್.ಗೆ "ಬಿಎಸ್‌ಎನ್‌ಎಲ್‌ನೆಟ್", ಜಿಯೋಗೆ "ಜಿಯೋನೆಟ್". ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ಹೆಸರು, ಪಾಸ್‌ವರ್ಡ್ ಕೇಳುವ ಜಾಗಗಳನ್ನು ಖಾಲಿ ಬಿಡಿ. ಸಿಮ್ ಕಂಪನಿ ಬದಲಾಯಿಸಿದಾಗ ಮೋಡೆಮ್‌ನಲ್ಲಿ ಹಳೆಯ ಹೆಸರೇ ಉಳಿಯುವುದು ಸಾಮಾನ್ಯ ತಪ್ಪು. ಕೆಲವು ಹಾಲು ಸಂಗ್ರಹಣಾ ಯಂತ್ರಗಳಿಗೆ ಸರಬರಾಜುದಾರರೇ ಬೇರೆ ಹೆಸರು ಹಾಕಿರುತ್ತಾರೆ. ಏನನ್ನಾದರೂ ಬದಲಿಸುವ ಮೊದಲು ಇದ್ದದ್ದನ್ನು ಪುಸ್ತಕದಲ್ಲಿ ಬರೆದಿಡಿ. ಎಸ್.ಎಂ.ಎಸ್. ಸೆಂಟರ್ ಸಂಖ್ಯೆಯಂತೂ ಸಿಮ್‌ನಲ್ಲೇ ಇರುವುದರಿಂದ ಅದನ್ನು ಮುಟ್ಟುವ ಅಗತ್ಯವೇ ಇಲ್ಲ.

ತಾನು ಯಾವ ಜಾಲದಲ್ಲಿದ್ದೇನೆ ಎಂಬುದನ್ನು ಮೋಡೆಮ್ ಕೆಲವೊಮ್ಮೆ ಹೆಸರಿನ ಬದಲು ಸಂಖ್ಯೆಯಲ್ಲಿ ತೋರಿಸುತ್ತದೆ. ನಮ್ಮ ಸಂಘಗಳಿಗೆ ಕೋಡ್ ಸಂಖ್ಯೆ ಇರುವಂತೆಯೇ ಇದು. ಕರ್ನಾಟಕದ ಬಿ.ಎಸ್.ಎನ್.ಎಲ್.ಗೆ 404-71, ಏರ್‌ಟೆಲ್‌ಗೆ 404-45, ಜಿಯೋಗೆ 405-861. ರಾಜ್ಯದ ಗಡಿಯಲ್ಲಿರುವ ಸಂಘಗಳಲ್ಲಿ ಬೇರೆ ಸಂಖ್ಯೆ ಕಂಡರೆ, ಯಂತ್ರ ಪಕ್ಕದ ರಾಜ್ಯದ ಟವರಿಗೆ ಅಂಟಿಕೊಂಡಿದೆ ಎಂದು ತಿಳಿಯಬಹುದು.

ಇನ್ನು ಸದಸ್ಯರ ಸ್ವಂತ ಸಿಮ್‌ಗಳ ವಿಷಯ. ಹಳೆಯ ಬಿ.ಎಸ್.ಎನ್.ಎಲ್. ಸಿಮ್‌ನಲ್ಲಿ 4ಜಿ ಬಾರದು, ಗ್ರಾಹಕ ಸೇವಾ ಕೇಂದ್ರದಲ್ಲಿ 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ 24 ಗಂಟೆ ಕಾಲ ಎಸ್.ಎಂ.ಎಸ್. ಬರುವುದಿಲ್ಲ, ಹೋಗುವುದಿಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ 2022ರಲ್ಲಿ ಮಾಡಿದ ನಿಯಮವಿದು. ಬಟವಾಡೆ ದಿನ ಅಥವಾ ಬ್ಯಾಂಕ್ ಕೆಲಸವಿರುವ ದಿನ ಸಿಮ್ ಬದಲಿಸಬೇಡಿ. ಸೇವಾ ಕೇಂದ್ರಕ್ಕೆ ನೀವೇ ಗುರುತಿನ ದಾಖಲೆಯೊಂದಿಗೆ ಹೋಗಿ. "4ಜಿ ಮಾಡಿಕೊಡುತ್ತೇವೆ, ಫೋನಿಗೆ ಬಂದ ಸಂಖ್ಯೆ ಹೇಳಿ" ಎಂದು ಕರೆ ಮಾಡುವವರಿಗೆ ಏನನ್ನೂ ಹೇಳಬೇಡಿ. ಹಾಗೇನಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇದಕ್ಕಿಂತ ಹೆಚ್ಚು ಅಪಾಯಕಾರಿಯಾದುದು ಡಬ್ಬಿಯಲ್ಲಿ ಬಿದ್ದಿರುವ ಸಿಮ್. ಬ್ಯಾಂಕಿಗೆ ಕೊಟ್ಟಿರುವುದು ಹಳೆಯ ನಂಬರು, ಬಳಸುತ್ತಿರುವುದು ಮಗ ಕೊಡಿಸಿದ ಹೊಸ ನಂಬರು. ಇದು ನಮ್ಮಲ್ಲಿ ಬಹಳ ಮನೆಗಳ ಕಥೆ. ಪ್ರೀಪೇಯ್ಡ್ ಸಿಮ್ ಅನ್ನು 90 ದಿನ ಯಾವುದಕ್ಕೂ ಬಳಸದೆ, ಅದರಲ್ಲಿ 20 ರೂಪಾಯಿ ಬಾಕಿಯೂ ಇಲ್ಲದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ನಿಂತ ಸಂಖ್ಯೆಯನ್ನು ಇನ್ನೂ 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಲು ಅವಕಾಶವಿದೆ. ಆಮೇಲೆ ನಿಮ್ಮ ಹಾಲಿನ ಹಣದ ಸಂದೇಶ, ಬ್ಯಾಂಕಿನ ಗುಪ್ತ ಸಂಖ್ಯೆ ಎಲ್ಲವೂ ಆ ಅಪರಿಚಿತರ ಕೈಗೆ! ಪಾಸ್ ಪುಸ್ತಕ ತೆಗೆದುಕೊಂಡು ಹೋಗಿ ಬ್ಯಾಂಕಿನಲ್ಲಿಯೂ, ಆಧಾರ್‌ನಲ್ಲಿಯೂ, ಸಂಘದ ಸದಸ್ಯತ್ವ ದಾಖಲೆಯಲ್ಲಿಯೂ ಈಗಿನ ನಂಬರನ್ನೇ ಬರೆಸಿ. ಮಹಿಳಾ ಸಂಘಗಳ ಸದಸ್ಯರು ಯಜಮಾನರ ಅಥವಾ ಮಗನ ನಂಬರು ಕೊಡುವ ಬದಲು ತಮ್ಮದೇ ನಂಬರು ಕೊಟ್ಟರೆ ಹಣ ಬಂದದ್ದು ತಮಗೇ ತಿಳಿಯುತ್ತದೆ.

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಇಡೀ ಊರಿಗೆ ಸಿಗ್ನಲ್ ಇಲ್ಲದಿದ್ದರೆ ಅದು ಟವರಿನ ದೋಷ. ಕರೆಂಟು ಹೋಗಿ ಟವರಿನ ಬ್ಯಾಟರಿ ಖಾಲಿಯಾಗಿರಬಹುದು. ಯಾವುದೇ ಕಂಪನಿಯ ದೂರು ಸಂಖ್ಯೆ 198. ಕರೆ ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕಾಗುತ್ತದೆ. ಸಂಘದ ಹೆಸರಿನಲ್ಲಿ ಸಿಮ್ ಇದ್ದರೆ ಕಾರ್ಯದರ್ಶಿಗಳು ದೂರು ಕೊಡಲಿ, ಸದಸ್ಯರೂ ತಮ್ಮ ನಂಬರುಗಳಿಂದ ಕೊಡಲಿ. ಸಂಪರ್ಕ ಬರುವವರೆಗೆ ಯಂತ್ರದ ಚೀಟಿಯನ್ನು ಪ್ರತಿ ಹೊತ್ತೂ ಕೇಳಿ ಪಡೆದು ಜೋಪಾನವಾಗಿಡಿ, ವಿವರ ಹೋದ ಮೇಲೆ ಲೀಟರು, ಜಿಡ್ಡು ತಾಳೆ ನೋಡಿಕೊಳ್ಳಿ.