ಕೊಡಲಿ ಕಾರ್ಖಾನೆ ಗುಡ್ಡಕ್ಕೆ ಜಲ್ಲಿಯವರ ಕಣ್ಣು

ಗುಡೇಕೋಟೆ: ಇಲ್ಲಿಂದ ಬಳ್ಳಾರಿಗೆ ಹೋಗಿಬರುವವರಿಗೆ ಬಂಡೆಗುಡ್ಡ ಹೊಸದಲ್ಲ. ಕಲ್ಲಿನಲ್ಲೇನೈತಿ ಅಂತ ಕಿಟಕಿ ಪಕ್ಕ ಕೂತು ತೂಕಡಿಸುತ್ತಾರೆ. ಆದರೆ ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಸುಮಾರು 4 ಸಾವಿರ ವರ್ಷದ ಹಿಂದೆ ಕೊಡಲಿ ಕಾರ್ಖಾನೆಯೇ ನಡೆದಿತ್ತು. ಕಬ್ಬಿಣದ್ದಲ್ಲ, ಕಲ್ಲಿನದು! ಕರಿಗಲ್ಲನ್ನು ಒಡೆದು, ಬಂಡೆಗೆ ಉಜ್ಜಿ ಉಜ್ಜಿ ನಯ ಮಾಡುತ್ತಿದ್ದರು. ಉಜ್ಜಿದ ಗುಳಿಗಳು ಬಂಡೆ ಮೇಲೆ ಹಾಗೇ ಇವೆ.

ಆ ಜನರ ಊಟ? ಹುರುಳಿ, ಹೆಸರು, ಕೊರಲೆ. ಸುಟ್ಟು ಕರಕಾದ ಕಾಳು ಮಣ್ಣಲ್ಲಿ ಸಿಕ್ಕಿವೆ. ಕಿರಾಣಿ ಅಂಗಡಿಯ ಹುರುಳಿ ಚೀಲದ ವಂಶಾವಳಿ ಅಷ್ಟು ಹಳೆಯದು.

1872ರಲ್ಲಿ ಬ್ರೂಸ್ ಫೂಟ್ ಇಲ್ಲಿಗೆ ಬಂದು ಜಾಗ ಗುರುತಿಸಿದರು. 1946ರಲ್ಲಿ ಬಿ. ಸುಬ್ಬರಾವ್ ಅಗೆಸಿದರು. 1990ರ ದಶಕದ ಕೊನೆಗೆ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ವಿದ್ವಾಂಸರ ತಂಡ ಮತ್ತೆ ಕೈಹಾಕಿತು. ಆ ಹೊತ್ತಿಗೆ ಕ್ವಾರಿಯವರೂ ಗುಡ್ಡ ಹತ್ತಿದ್ದರು. ರಸ್ತೆಗೆ, ಕಟ್ಟಡಕ್ಕೆ ಜಲ್ಲಿ ಬೇಕಲ್ಲ! ಕುಂಚದಲ್ಲಿ ಮಣ್ಣು ಸರಿಸುವವರು ಒಂದು ಕಡೆ, ಸಿಡಿಮದ್ದು ಇಡುವವರು ಇನ್ನೊಂದು ಕಡೆ. ಗೂಳಿಚಿತ್ರ ಕುಟ್ಟಿದ ಬಂಡೆ, ಬಡಿದರೆ ಗಂಟೆಯಂತೆ ಠಣ್ಣೆನ್ನುವ ಬಂಡೆ, ಎರಡೂ ಕ್ರಷರಿಗೆ ಒಂದೇ. ರಸ್ತೆ ಬೇಡ ಅನ್ನುವವರು ಯಾರೂ ಇಲ್ಲ, ಜಲ್ಲಿಗೆ ಬೇರೆ ಗುಡ್ಡ ಇರಲಿಲ್ಲವೇ ಅನ್ನುವುದಷ್ಟೇ ಪ್ರಶ್ನೆ.

ಅಗೆದು ತೆಗೆದ ಕೊಡಲಿಗಳು ಬಳ್ಳಾರಿಯ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿವೆ.