ಚಕ್ರಕ್ಕೆ ಹೊಳಪು ಕೊಡೋ ಮುನ್ನ

ಎರಡು ವರ್ಷದ ಹಿಂದಿನ ಆಯುಧಪೂಜೆ. ಬೆಳಗ್ಗೆ ಆರಕ್ಕೇ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಬಕೆಟ್ ಇಟ್ಕೊಂಡು ಬೈಕ್ ಮುಂದೆ ಕೂತಿದ್ದೆ. ವರ್ಷವಿಡೀ ಕೆಸರು ತಿಂದ ಚಕ್ರಗಳಿಗೆ ಅವತ್ತೊಂದಿನ ರಾಜಮರ್ಯಾದೆ. ತೊಳೆದೆ, ಒರೆಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಇರ್ತಿರಲಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದ ಟೈರ್ ಪಾಲಿಶ್ ಸ್ಪ್ರೇಯನ್ನು ಎರಡೂ ಚಕ್ರಕ್ಕೆ ಧಾರಾಳವಾಗಿ ಹೊಡೆದೆ. ಶೋರೂಮ್‌ನಿಂದ ಈಗಷ್ಟೇ ಬಂದ ಹಾಗೆ ಕಪ್ಪಗೆ ಮಿರಮಿರ ಮಿಂಚೋಕೆ ಶುರುವಾಯ್ತು.

ಅಮ್ಮ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬೈಕ್ ಮುಂದೆ ಹೋಯ್ತು, ನಿಂಬೆಹಣ್ಣು ಅಪ್ಪಚ್ಚಿಯಾಯ್ತು. ರ‍್ಯಾಂಪ್ ಹತ್ತಿ ಗೇಟಿನ ಹತ್ತಿರ ಮುಂದಿನ ಬ್ರೇಕ್ ಹಿಡಿದರೆ, ಲಿವರ್ ಗಟ್ಟಿಯಾಗೇ ಇದೆ, ಗಾಡಿ ಮಾತ್ರ ನಿಲ್ತಿಲ್ಲ! ಗಾಬರಿಯಲ್ಲಿ ಹಿಂದಿನ ಬ್ರೇಕ್ ತುಳಿದೆ. ಹಿಂದಿನ ಟೈರ್ ಜಾರಿ, ಗಾಡಿ ಓರೆಯಾಗಿ ಹೋಗಿ ವಾಚ್‌ಮನ್ ಕುರ್ಚಿಗೆ ಗುದ್ದಿತು. ಪುಣ್ಯಕ್ಕೆ ಅವರು ಕಡಲೆಪುರಿ ಇಸ್ಕೊಳ್ಳೋಕೆ ಅಂತ ಎದ್ದು ಹೋಗಿದ್ದರು.

ಹಬ್ಬ ಮುಗಿದ ಮೇಲೆ ಮೆಕ್ಯಾನಿಕ್ ಅಣ್ಣನ ಹತ್ತಿರ ಹೋದೆ. ಅವರು ಡಿಸ್ಕ್ ಮೇಲೆ ಬೆರಳಾಡಿಸಿ, ಬೆರಳು ನನ್ನ ಮುಂದೆ ಹಿಡಿದರು. "ಪ್ಯಾಡ್‌ಗೆ ಎಣ್ಣೆ ಕುಡಿಸಿದ್ದೀರಲ್ಲ ಸಾರ್!"

ಡಿಸ್ಕ್ ಬ್ರೇಕ್ ಕೆಲಸ ಮಾಡೋದೇ ಘರ್ಷಣೆಯಿಂದ. ಎರಡು ಪ್ಯಾಡ್‌ಗಳು ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿದರೆ ಚಕ್ರ ನಿಲ್ಲುತ್ತೆ. ನಡುವೆ ಎಣ್ಣೆಯದ್ದೋ ಸಿಲಿಕೋನ್‌ನದ್ದೋ ತೆಳು ಪದರ ಬಂದರೂ ಹಿಡಿತ ಹೋಗುತ್ತೆ. ಡಿಸ್ಕನ್ನೇನೋ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಬ್ರೇಕ್ ಕ್ಲೀನರ್ ಹಾಕಿ ಒರೆಸಿಬಿಡಬಹುದು. ಪ್ಯಾಡ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳಿರೋದರಿಂದ ಅದು ಎಣ್ಣೆಯನ್ನು ಒಳಗೆ ಹೀರಿಕೊಳ್ಳುತ್ತೆ. ನನ್ನ ಪ್ಯಾಡ್‌ಗಳನ್ನು ಬದಲಿಸಲೇಬೇಕಾಯ್ತು. ಡಬ್ಲ್ಯುಡಿ-40, ಚೈನ್ ಲ್ಯೂಬ್, ಡ್ಯಾಶ್‌ಬೋರ್ಡ್ ಪಾಲಿಶ್, ಡಬ್ಬಿ ಯಾವುದೇ ಇರಲಿ, ಚಕ್ರದ ಹತ್ತಿರ ನೇರವಾಗಿ ಸ್ಪ್ರೇ ಮಾಡಬೇಡಿ. ಬಟ್ಟೆಗೆ ಹಾಕಿಕೊಂಡು, ದೂರ ನಿಂತು, ಆಮೇಲೆ ಒರೆಸಿ. ಟೈರ್ ಪಾಲಿಶ್ ಅಂತೂ ಬೈಕಿಗೆ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಕಾರಿನ ಟೈರ್ ನೆಟ್ಟಗೆ ಓಡುತ್ತೆ, ಬೈಕ್ ತಿರುವಿನಲ್ಲಿ ವಾಲುತ್ತೆ. ವಾಲಿದಾಗ ನೆಲ ಮುಟ್ಟೋದು ಟೈರಿನ ಅಂಚು, ಪಾಲಿಶ್ ಹಚ್ಚೋ ಜಾಗಕ್ಕೆ ತೀರಾ ಪಕ್ಕದ್ದು.

ಎಣ್ಣೆ ಹಚ್ಚೋ ಅಭ್ಯಾಸ ನನಗೆ ಬಂದಿದ್ದು ಅಪ್ಪನಿಂದ. ಅವರದ್ದು ಯೆಜ್ಡಿ, 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಮಳೆಗಾಲ ಬಂತಂದರೆ ಎಣ್ಣೆ ಬಟ್ಟೆ ಹಿಡಿದು ಒಂದೊಂದು ಕಡ್ಡಿಯನ್ನೂ ಒರೆಸೋರು. ಅದಕ್ಕೆ ಏನೂ ಆಗ್ತಿರಲಿಲ್ಲ, ಯಾಕಂದರೆ ಆ ಗಾಡಿಗೆ ಎರಡೂ ಕಡೆ ಡ್ರಮ್ ಬ್ರೇಕ್. ಬ್ರೇಕ್ ಶೂಗಳು ಹಬ್ ಒಳಗೆ ಮುಚ್ಚಿಕೊಂಡು ಇರ್ತವೆ. ಈಗಿನ ಡಿಸ್ಕ್ ಹೊರಗೇ ತೆರೆದುಕೊಂಡಿರುತ್ತೆ. ಅಪ್ಪನ ಬಟ್ಟೆ ಸರಿ ಇತ್ತು, ಗಾಡಿ ಬದಲಾಗಿದ್ದನ್ನು ನಾನು ಗಮನಿಸಲಿಲ್ಲ ಅಷ್ಟೆ.

ಹಾಗಂತ ತೊಳೆಯದೆ ಬಿಡೋದೂ ತಪ್ಪು. ಮುಂದಿನ ಚಕ್ರದ ಕೊಳೆ ಬೇರೆ, ಹಿಂದಿನದ್ದು ಬೇರೆ. ಮುಂದಿನ ರಿಮ್ ಮೇಲೆ ಕೂರುವ ಬೂದು ಪುಡಿ ಬ್ರೇಕ್ ಪ್ಯಾಡ್ ಸವೆದು ಬಂದದ್ದು, ಅದರಲ್ಲಿ ಲೋಹದ ಕಣಗಳೂ ಇರುತ್ತವೆ. ತಿಂಗಳುಗಟ್ಟಲೆ ಬಿಟ್ಟರೆ ಅಂಟಿಕೊಂಡು ಬಿಡುತ್ತೆ. ಹಿಂದಿನ ರಿಮ್ ಮೇಲಿನ ಕಪ್ಪು ಚುಕ್ಕಿಗಳು ಚೈನಿನಿಂದ ಸಿಡಿದ ಎಣ್ಣೆ. ಅದಕ್ಕೆ ಬರೀ ಶಾಂಪೂ ಸಾಲದು. ಬಟ್ಟೆಗೆ ಒಂಚೂರು ಸೀಮೆಎಣ್ಣೆ ಹಾಕಿ, ಟೈರಿಗೂ ಬ್ರೇಕಿಗೂ ತಾಗದ ಹಾಗೆ ಒರೆಸಿ, ಆಮೇಲೆ ಶಾಂಪೂ ನೀರಿನಲ್ಲಿ ತೊಳೀಬೇಕು. ಚೈನಿಗೆ ಲ್ಯೂಬ್ ಹಾಕಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಟ್ಟರೆ ಈ ಚುಕ್ಕಿಗಳೇ ಕಮ್ಮಿಯಾಗ್ತವೆ.

ತೊಳೆಯೋಕೆ ಮುಂಚೆ ಗಾಡಿ ತಣ್ಣಗಾಗಲಿ. ಆಫೀಸಿಂದ ಬಂದ ತಕ್ಷಣ, ಕಾದ ಡಿಸ್ಕ್ ಮೇಲೆ ತಣ್ಣೀರು ಸುರೀಬೇಡಿ. ಬಟ್ಟೆ ಒಗೆಯೋ ಪುಡಿ ಬೇಡ, ವಾಹನಕ್ಕೇ ಅಂತ ಸಿಗೋ ಶಾಂಪೂ ಸಾಕು. ಅಲಾಯ್ ಚಕ್ರ ಬೆಳ್ಳಗಾಗಲಿ ಅಂತ ಟಾಯ್ಲೆಟ್ ತೊಳೆಯೋ ಆ್ಯಸಿಡ್ ಹಾಕಿದವರನ್ನು ನೋಡಿದ್ದೀನಿ. ಅಲ್ಯೂಮಿನಿಯಂ ಅನ್ನು ಆ್ಯಸಿಡ್ ತಿನ್ನುತ್ತೆ. ಹಾಕಿದ ಕ್ಷಣ ಫಳಫಳ ಅನ್ನುತ್ತೆ, ಆಮೇಲೆ ಉಳಿಯೋದು ಬಿಳಿ ಕಲೆ.

ವಾಟರ್ ವಾಶ್‌ಗೆ ಕೊಡೋರು ಎರಡು ಮಾತು ಹೇಳಿ ಕೊಡಿ. ಪ್ರೆಷರ್ ನೀರನ್ನು ಆ್ಯಕ್ಸಲ್ ಹತ್ತಿರ ನೇರ ಹೊಡೆದರೆ ಬೇರಿಂಗ್ ಸೀಲ್ ದಾಟಿ ನೀರು ಒಳಗೆ ಹೋಗಿ ಗ್ರೀಸ್ ಕೆಡಿಸುತ್ತೆ. ಹಾಗಾಗಿ ಅಲ್ಲಿ ದೂರದಿಂದ ಹೊಡೀಲಿ. ಕೆಲವು ಕಡೆ ಕೊನೆಗೆ ಹೊಳಪಿಗೆ ಅಂತ ಡೀಸೆಲ್ ಹೊಡೀತಾರಲ್ಲ, ಅದು ಬೇಡವೇ ಬೇಡ. ಟೈರಿನ ರಬ್ಬರಿಗೂ ಒಳ್ಳೇದಲ್ಲ, ಬ್ರೇಕಿಗೂ ಅಲ್ಲ.

ಕಡ್ಡಿ ಚಕ್ರದವರ ಕಷ್ಟ ಬೇರೆ. ನನ್ನದು ಬುಲೆಟ್. ಒಂದು ಸಲ ಗೋಕರ್ಣಕ್ಕೆ ಹೋಗುವಾಗ ಮರವಂತೆಯಲ್ಲಿ ನಿಲ್ಲಿಸಿದ್ದೆ. ಗೊತ್ತಲ್ಲ, ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋ ಚೆನ್ನಾಗಿ ಬಂತು. ಬೆಂಗಳೂರಿಗೆ ಬಂದು ಒಂದು ವಾರ ಗಾಡಿ ತೊಳೀಲಿಲ್ಲ, ಕಡ್ಡಿಗಳು ರಿಮ್‌ಗೆ ಸೇರೋ ಕಡೆಯೆಲ್ಲ ಕಂದು ಚುಕ್ಕಿ. ಕ್ರೋಮ್ ಅನ್ನೋದು ಬಹಳ ತೆಳು ಪದರ, ಕೆಳಗೆ ನಿಕ್ಕಲ್, ಅದರ ಕೆಳಗೆ ಉಕ್ಕು. ಮೇಲಿನ ಪದರದ ಸೂಕ್ಷ್ಮ ಬಿರುಕಲ್ಲಿ ಉಪ್ಪು ನೀರು ಇಳಿದರೆ ತುಕ್ಕು ಒಳಗಿಂದ ಶುರು. ಕರಾವಳಿಗೆ ಹೋಗಿ ಬಂದವರು ಅವತ್ತೇ ಸಿಹಿನೀರಲ್ಲಿ ತೊಳೆದುಬಿಡಿ.

ಸಣ್ಣ ತುಕ್ಕಿಗೆ ಪಾತ್ರೆ ಉಜ್ಜೋ ಸ್ಟೀಲ್ ನಾರು ಹಾಕಬೇಡಿ, ಕ್ರೋಮ್ ಗೀರಿಬಿಡುತ್ತೆ. ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ, ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆತ್ತಗಿರೋದರಿಂದ ಗೀರು ಬೀಳಲ್ಲ, ತುಕ್ಕು ಬರುತ್ತೆ. ಇದು ಕ್ರೋಮ್‌ಗೆ ಮಾತ್ರ, ಪೇಂಟ್ ಇರೋ ರಿಮ್‌ಗಲ್ಲ. ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗೆ ವ್ಯಾಕ್ಸ್ ಹಚ್ಚಿ. ಪೇಂಟ್ ಮಾಡಿದ ಅಲಾಯ್‌ಗೂ ಕಾರಿನ ವ್ಯಾಕ್ಸ್ ಆಗುತ್ತೆ, ಮುಂದಿನ ಸಲ ಕೊಳೆ ಸುಲಭವಾಗಿ ಬಿಡುತ್ತೆ. ಮ್ಯಾಟ್ ಬಣ್ಣಕ್ಕೆ ಬೇಡ, ಅಲ್ಲಲ್ಲಿ ಮಿಂಚಿ ಕೆಟ್ಟದಾಗಿ ಕಾಣುತ್ತೆ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಮೆಕ್ಯಾನಿಕ್ ಅಣ್ಣನ ಬಲಗೈ ತೋರುಬೆರಳಿಗೆ ತುದಿ ಇಲ್ಲ. ಹುಡುಗನಾಗಿದ್ದಾಗ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆನ್ ಮಾಡಿ, ಫಸ್ಟ್ ಗೇರಲ್ಲಿ ಚಕ್ರ ತಿರುಗೋಕೆ ಬಿಟ್ಟು ಚೈನ್ ಒರೆಸ್ತಿದ್ದರಂತೆ. ಬಟ್ಟೆ ಚೈನಿಗೂ ಸ್ಪ್ರಾಕೆಟ್‌ಗೂ ನಡುವೆ ಸಿಕ್ಕಿತು, ಜೊತೆಗೆ ಬೆರಳೂ ಹೋಯ್ತು. "ನೋವು ಗೊತ್ತಾಗೋ ಮೊದಲೇ ಮುಗಿದಿತ್ತು ಸಾರ್" ಅಂದರು. ಎಂಜಿನ್ ಆಫ್, ನ್ಯೂಟ್ರಲ್, ಕೀ ಜೇಬಿನಲ್ಲಿ. ಚಕ್ರ ಕೈಯಲ್ಲೇ ತಿರುಗಿಸಿ. ತಿರುಗೋದು ಪೂರ್ತಿ ನಿಂತ ಮೇಲೇ ಬಟ್ಟೆ ಮುಟ್ಟಿಸಿ, ಒಂದಿಷ್ಟು ಒರೆಸಿ, ಮತ್ತೆ ತಿರುಗಿಸಿ. ಹತ್ತು ನಿಮಿಷ ಜಾಸ್ತಿ ಆಗುತ್ತೆ, ಆಗಲಿ.

ಹೀಗೆ ನಿಧಾನವಾಗಿ ತಿರುಗಿಸುವಾಗಲೇ ನನಗೆ ಎರಡು ಸಲ ಟೈರಲ್ಲಿ ಮೊಳೆ ಸಿಕ್ಕಿದೆ. ಕಡ್ಡಿಗಳನ್ನು ಸಣ್ಣ ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ ನೋಡಿ. ಬಿಗಿಯಾಗಿದ್ದರೆ ಟಿಣ್ ಅನ್ನುತ್ತೆ, ಸಡಿಲವಾಗಿದ್ದರೆ ಮಂಕು ಸದ್ದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತವೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾಗಿದ್ದು ಅಂತ ಅರ್ಥ. ಕೆಸರು ಹೋದ ಮೇಲೇ ನನ್ನ ಟೈರಿನ ವಯಸ್ಸು ನನಗೆ ಗೊತ್ತಾಗಿದ್ದು!

ಎಲ್ಲ ಮುಗಿದ ಮೇಲೆ ಒದ್ದೆ ಬ್ರೇಕಲ್ಲಿ ರೋಡಿಗೆ ಇಳೀಬೇಡಿ. ನಾನೀಗ ಬೇಸ್‌ಮೆಂಟಲ್ಲೇ ಮೆಲ್ಲಗೆ ಎರಡು ಸುತ್ತು ಹೊಡೆದು, ಎರಡೂ ಬ್ರೇಕನ್ನು ನಾಲ್ಕೈದು ಸಲ ಹಿಡಿದು ನೋಡ್ತೀನಿ. ಆದರೂ ರ‍್ಯಾಂಪ್ ಮೇಲೆ ಬುಲೆಟ್ ಸದ್ದು ಕೇಳಿದರೆ ವಾಚ್‌ಮನ್ ಕುರ್ಚಿ ಎತ್ತಿಕೊಂಡು ಪಕ್ಕಕ್ಕೆ ಹೋಗ್ತಾರೆ.