ಆಟದಲ್ಲಿ ಕಠಿನ ಪಕ್ಷದ ಆಯ್ಕೆ

ಹಳೆಯ ಗುಡಿಗಳ ಕಲ್ಲುಚಪ್ಪಡಿಗಳ ಮೇಲೆ ಆಡು-ಹುಲಿ ಆಟದ ಮನೆಗಳನ್ನು ಕೊರೆದಿರುವುದನ್ನು ನಮ್ಮ ವಿದ್ಯಾರ್ಥಿಗಳು ನೋಡಿರಬಹುದು. ಈ ಆಟದಲ್ಲಿ ಒಂದು ಪಕ್ಷಕ್ಕೆ 3 ಹುಲಿಗಳು, ಇನ್ನೊಂದಕ್ಕೆ 15 ಆಡುಗಳು. ಹುಲಿಯು ಪಕ್ಕದ ಆಡನ್ನು ದಾಟಿ ಆಚೆಯ ಬರಿದಾದ ಮನೆಗೆ ಹಾರಿದರೆ ಆ ಆಡು ಸತ್ತಂತೆ. ಆಡುಗಳಿಗೆ ಕೊಲ್ಲುವ ಶಕ್ತಿಯಿಲ್ಲ. ಒಂದರ ಬೆನ್ನಿಗೊಂದು ನಿಂತು ಹುಲಿಗಳು ಅಲುಗಾಡದಂತೆ ಕಟ್ಟಿಹಾಕುವುದೇ ಅವುಗಳ ಗೆಲುವು. ಹೊಸಬರು ಹುಲಿಯನ್ನೇ ಬಯಸುವರು. ಆಟ ಬಲ್ಲವರು ಆಡುಗಳನ್ನು ಕೇಳಿ ಪಡೆಯುವುದುಂಟು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಇಂದಿನ ಮಕ್ಕಳು ಕಂಪ್ಯೂಟರಿನಲ್ಲಿ ಮಧ್ಯಯುಗದ ರಾಜ್ಯಗಳ ಯುದ್ಧತಂತ್ರದ ಆಟಗಳನ್ನು ಆಡುತ್ತಾರೆ. ಮೊದಲಿಗೆ ಒಂದು ರಾಜ್ಯವನ್ನು ಆರಿಸಿಕೊಳ್ಳಬೇಕು. ದೊಡ್ಡ ಸೈನ್ಯ, ತುಂಬಿದ ಬೊಕ್ಕಸ ಉಳ್ಳ ರಾಜ್ಯವನ್ನೇ ಹಲವರು ಆರಿಸುವರು. ನಿಯಮಗಳನ್ನು ಕಲಿಯುವವರೆಗೆ ಇದು ಸರಿಯೇ. ಆದರೆ ಅಲ್ಲಿ ತಪ್ಪು ನಡೆ ನಡೆದರೂ ಬೊಕ್ಕಸವು ಅದನ್ನು ಮುಚ್ಚಿಬಿಡುವುದು; ಆಡುವವನಿಗೆ ತನ್ನ ತಪ್ಪು ತಿಳಿಯುವುದೇ ಇಲ್ಲ. ಸಣ್ಣ ರಾಜ್ಯದಲ್ಲಾದರೋ ಪ್ರತಿಯೊಂದು ತಪ್ಪಿಗೂ ಕೂಡಲೇ ದಂಡ ತೆರಬೇಕಾಗುತ್ತದೆ. ಕಲಿಕೆ ಇರುವುದು ಅಲ್ಲಿಯೇ.

ಕಠಿನ ರಾಜ್ಯವೆಂದರೆ ಎಂತಹುದು? ದೂರ ಹೋಗಬೇಕಾಗಿಲ್ಲ. ಸುಮಾರು 1254ರಲ್ಲಿ ಹೊಯ್ಸಳ ಸೋಮೇಶ್ವರನ ರಾಜ್ಯವು ಅವನ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ಮೂರನೆಯ ನರಸಿಂಹನಿಗೆ ದೋರಸಮುದ್ರವೂ, ರಾಮನಾಥನಿಗೆ ಶ್ರೀರಂಗದ ಬಳಿಯ ಕಣ್ಣನೂರು ಮೊದಲಾದ ತಮಿಳು ಪ್ರದೇಶಗಳೂ ಬಂದವು. ಪಾಂಡ್ಯರ ಒತ್ತಡದಿಂದ ಕಣ್ಣನೂರು ಕೈಬಿಡಲು, ರಾಮನಾಥನು ನಮ್ಮ ಹೊಸೂರು ಸೀಮೆಯ ಕುಂದಾಣಿಯಲ್ಲಿ ನೆಲೆಸಿದನು. ಕಾವೇರಿ ಬಯಲಿನ ಆದಾಯ ಹೋಯಿತು. ತೆಂಕಣದಲ್ಲಿ ಪಾಂಡ್ಯರು, ಪಡುವಣದಲ್ಲಿ ಸ್ವಂತ ಅಣ್ಣತಮ್ಮಂದಿರ ವೈರ. ಆಸರೆಯಾಗಿ ಉಳಿದುದು ಬೆಟ್ಟಗುಡ್ಡಗಳು. ಹೀಗಿದ್ದೂ ಅವನು ಸುಮಾರು 1295ರವರೆಗೆ ಆಳಿದನು. ಅನಂತರ ನರಸಿಂಹನ ಮಗನಾದ ಮೂರನೆಯ ಬಲ್ಲಾಳನು ಎರಡು ಭಾಗಗಳನ್ನೂ ಒಂದುಗೂಡಿಸಿದನು.

ರಾಜ್ಯವನ್ನು ಆರಿಸುವ ಮುನ್ನ ವಿದ್ಯಾರ್ಥಿಗಳು ಇದರಂತೆಯೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಸುತ್ತಲೂ ವೈರಿಗಳು ಎಷ್ಟು ಮಂದಿ? ಆದಾಯ ಎಲ್ಲಿಂದ? ಸೋತಾಗ ಹಿಂಜರಿದು ನಿಲ್ಲಲು ನೆಲೆಯುಂಟೆ? ಮೂರಕ್ಕೂ ಉತ್ತರ ಕೆಟ್ಟದಾಗಿದ್ದರೆ ಅದು ಕಠಿನವಲ್ಲ, ಅಸಾಧ್ಯ. ಅದನ್ನು ಬಿಡುವುದೇ ಲೇಸು. ಒಂದಾದರೂ ಅನುಕೂಲವಿದ್ದರೆ ಆರಿಸಬಹುದು. ಆ ಮೇಲೆ ಇಬ್ಬರು ವೈರಿಗಳೊಡನೆ ಏಕಕಾಲದಲ್ಲಿ ಕಾದಬಾರದು; ಒಬ್ಬನೊಡನೆ ಸಂಧಿ ಮಾಡಿಕೊಳ್ಳಬೇಕು. ಸೈನ್ಯಕ್ಕಿಂತ ಮೊದಲು ಕೃಷಿ, ವ್ಯಾಪಾರಗಳನ್ನು ನೋಡಿಕೊಳ್ಳಬೇಕು. ಸೋತಾಗ ಕಾರಣವನ್ನು ಪುಸ್ತಕದಲ್ಲಿ ಬರೆದಿಡಬೇಕು.

ತಾಯಿತಂದೆಯರು ಆಟಕ್ಕೆ ಹೊತ್ತಿನ ಮಿತಿಯನ್ನು ಅಗತ್ಯವಾಗಿ ಹಾಕಲಿ. ಆದರೆ ಮಗನೋ ಮಗಳೋ ಸೋತುಬಂದಾಗ ಹಂಗಿಸದೆ, ಎಲ್ಲಿ ತಪ್ಪಿತೆಂದು ಕೇಳಲಿ. ಈ ಗಡಿನಾಡಿನಲ್ಲಿ ಕನ್ನಡದಲ್ಲಿ ಓದುತ್ತ, ತಮಿಳನ್ನೂ ಇಂಗ್ಲಿಷನ್ನೂ ಕಲಿಯಬೇಕಾದ ನಮ್ಮ ಮಕ್ಕಳ ಆರಂಭವೂ ಸುಲಭವಾದುದಲ್ಲ. “ನಮಗೇ ಏಕೆ ಈ ಕಷ್ಟ?” ಎಂದು ತರಗತಿಗಳಲ್ಲಿ ಅವರು ಕೇಳುವುದನ್ನು ನಾವು ಕೇಳಿದ್ದೇವೆ. ಕಷ್ಟವಿಲ್ಲವೆಂದು ನಾವು ಹೇಳಲಾರೆವು. ಆದರೆ ಒಂದರ ಬೆನ್ನಿಗೊಂದು ನಿಂತ ಆಡುಗಳು ಹುಲಿಯನ್ನು ಕಟ್ಟಿದ ಆಟವನ್ನು ಅವರೇ ಆಡಿರುವರು, ಅದನ್ನು ನೆನೆಯಲಿ.